ರಸ್ತೆಗಿಳಿಯದ ಕಾರುಗಳು ನಮ್ಮನೆ ಗೂಡಿನಲ್ಲಿ

ಕಬ್ಬು ಕಡಿಯುವ ಕಾಲ ಬಂತೆಂದರೆ ನಮ್ಮ ಪಾಂಡವಪುರದ ರಸ್ತೆಗಳೆಲ್ಲ ಟ್ರ್ಯಾಕ್ಟರ್, ಟ್ರೈಲರ್, ಎತ್ತಿನಗಾಡಿಗಳ ಪಾಲು. ಅಂಥ ರಸ್ತೆಗೆ ‘ಲ್ಯಾನ್ಸಿಯಾ ಸ್ಟ್ರಾಟೋಸ್ ಝೀರೊ’ ಎಂಬ ಕಾರನ್ನು ಇಳಿಸಿದರೆ ಮುಂದಿನ ಟ್ರ್ಯಾಕ್ಟರ್‌ನವರಿಗೆ ಅದು ಕಾಣುವುದೇ ಅನುಮಾನ. ಏಕೆಂದರೆ ಆ ಕಾರಿನ ಎತ್ತರ ಬರೀ 84 ಸೆಂಟಿಮೀಟರ್. ನಮ್ಮ ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಯಷ್ಟು! ಅದಕ್ಕೆ ಪಕ್ಕದಲ್ಲಿ ಬಾಗಿಲೇ ಇಲ್ಲ. ಮುಂದಿನ ಗಾಜನ್ನು ಪೆಟ್ಟಿಗೆಯ ಮುಚ್ಚಳದಂತೆ ಮೇಲೆತ್ತಿ ಒಳಗಿಳಿಯಬೇಕು. 1970ರಲ್ಲಿ ಇಟಲಿಯ ಟೂರಿನ್ ಮೋಟಾರ್ ಶೋನಲ್ಲಿ ಜನ ಇದನ್ನು ಬಾಯಿಬಿಟ್ಟುಕೊಂಡು ನೋಡಿದರು. ತಯಾರಾಗಿದ್ದು ಒಂದೇ ಒಂದು.

ಅದೇ ಕಾರು ಮೂರು ವರ್ಷ ನಮ್ಮನೆ ಗೋಡೆಯ ಗೂಡಿನಲ್ಲಿತ್ತು. 43ನೇ ಒಂದು ಭಾಗದ ಅಳತೆಯಲ್ಲಿ, ಎರಡು ಸೆಂಟಿಮೀಟರ್‌ಗೂ ಕೊಂಚ ಕಡಿಮೆ ಎತ್ತರದಲ್ಲಿ.

ನನಗೆ ಸ್ಕೇಲ್ ಮಾಡೆಲ್ ಸಂಗ್ರಹಿಸುವ ಹವ್ಯಾಸ. ಅದರಲ್ಲೂ ಕಾನ್ಸೆಪ್ಟ್ ಸ್ಪೋರ್ಟ್ಸ್ ಕಾರುಗಳ ಮಾಡೆಲ್‌ಗಳೆಂದರೆ ಪ್ರಾಣ. ಅಪ್ಪ ಕಬ್ಬು, ಭತ್ತ ಬೆಳೆಯುವ ರೈತ. ಮನೆಯಲ್ಲಿರುವುದು ಒಂದು ಟಿವಿಎಸ್ ಮೊಪೆಡ್. ಮೊದಲ ಕಾರು ತಂದಿಟ್ಟಾಗ ಅಜ್ಜಿ, ‘ಏನಮ್ಮಿ ಇದು, ಹೆಣ್ಮಗೀಗೆ ಕಾರ್ಯಾಕೆ? ಮನೇಲಿ ಆಡೋ ಕೂಸೂ ಇಲ್ವಲ್ಲ’ ಅಂದಿದ್ದರು. ಅಜ್ಜಿಗೆ ಆಗ ಹೇಳಲಾಗದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಇದು ಆಟದ ಸಾಮಾನಿನ ಕತೆ ಹೌದು, ಜೊತೆಗೆ ನನಗೆ ಕೆಲಸ ಸಿಕ್ಕ ಕತೆಯೂ ಹೌದು.

ಕಾನ್ಸೆಪ್ಟ್ ಕಾರು ಅಂದರೇನು?

ಮೋಟಾರ್ ಶೋಗಳಲ್ಲಿ ಕಂಪನಿಗಳು ಮಾರುವ ಕಾರುಗಳ ಜೊತೆಗೆ ಮಾರದ ಕಾರುಗಳನ್ನೂ ಇಡುತ್ತವೆ. ‘ನಮ್ಮ ತಲೆಯಲ್ಲಿ ಹೀಗೊಂದು ಯೋಚನೆಯಿದೆ, ನೋಡಿ’ ಎಂದು ತೋರಿಸಲೆಂದೇ ಮಾಡಿದ ಕಾರುಗಳವು. ಅಮೆರಿಕದ ಜನರಲ್ ಮೋಟಾರ್ಸ್‌ನ ಹಾರ್ಲೆ ಅರ್ಲ್ 1938ರಲ್ಲಿ ಮಾಡಿಸಿದ ‘ಬ್ಯೂಕ್ ವೈ-ಜಾಬ್’ ಅನ್ನು ಇವುಗಳಲ್ಲಿ ಮೊದಲನೆಯದು ಎನ್ನುತ್ತಾರೆ. ಆದರೆ ಈ ಕಲೆಗೆ ಹುಚ್ಚು ಹಿಡಿದಿದ್ದು 1967ರಿಂದ 1972ರ ನಡುವೆ, ಇಟಲಿಯಲ್ಲಿ.

1967ರ ಜಿನೀವಾ ಶೋನಲ್ಲಿ ಬಂದ ‘ಲ್ಯಾಂಬೊರ್ಗಿನಿ ಮಾರ್ಝಾಲ್’ ಬಾಗಿಲುಗಳಿಗೆ ಮೇಲಿಂದ ಕೆಳಗಿನವರೆಗೂ ಗಾಜು. ಒಳಗೆ ಕೂತವರ ಚಪ್ಪಲಿಯೂ ಹೊರಗಿನವರಿಗೆ ಕಾಣಿಸುತ್ತಿತ್ತು! ಅದರ ಎಂಜಿನ್ ಇನ್ನೂ ತಮಾಷೆ: ಹನ್ನೆರಡು ಸಿಲಿಂಡರ್‌ಗಳ ಎಂಜಿನ್ನಿನಲ್ಲಿ ಅರ್ಧವನ್ನಷ್ಟೇ ಉಳಿಸಿಕೊಂಡು ಆರು ಸಿಲಿಂಡರ್‌ನದು ಮಾಡಿದ್ದರು. ಮರುವರ್ಷ ಪ್ಯಾರಿಸ್‌ನಲ್ಲಿ ‘ಆಲ್ಫಾ ರೋಮಿಯೊ ಕರಾಬೊ’ ಬಂತು. ಜೀರುಂಡೆಯೊಂದರ ಹೆಸರು, ಅದರದ್ದೇ ಹೊಳೆಯುವ ಹಸಿರು ಬಣ್ಣ. ಕತ್ತರಿಯಂತೆ ಮೇಲಕ್ಕೇಳುವ ಬಾಗಿಲು ಮೊದಲು ಕಾಣಿಸಿದ್ದು ಇದರಲ್ಲೇ. ಸಿನಿಮಾಗಳಲ್ಲಿ ನಾವು ಇಂದು ಬೆರಗಿನಿಂದ ನೋಡುವ ಲ್ಯಾಂಬೊರ್ಗಿನಿ ಬಾಗಿಲುಗಳ ಅಜ್ಜ ಈ ಜೀರುಂಡೆ. ಮಾರ್ಝಾಲ್, ಕರಾಬೊ, ಸ್ಟ್ರಾಟೋಸ್ ಝೀರೊ ಮೂರನ್ನೂ ವಿನ್ಯಾಸ ಮಾಡಿದ್ದು ಬೆರ್ಟೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿ ಎಂಬ ಒಬ್ಬರೇ. ಮಾರ್ಝಾಲ್ ಬಂದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಸ್ಟ್ರಾಟೋಸ್ ಝೀರೊ ಬಗ್ಗೆ ಒಂದು ಕತೆಯಿದೆ. ಕಾರನ್ನು ತೋರಿಸಲು ನುಚ್ಚಿಯೊ ಬೆರ್ಟೋನೆ ಅದನ್ನೇ ಓಡಿಸಿಕೊಂಡು ಲ್ಯಾನ್ಸಿಯಾ ಕಂಪನಿಗೆ ಹೋದರಂತೆ. ಗೇಟಿನ ಅಡ್ಡಗಂಬವನ್ನು ಎತ್ತುವ ಮೊದಲೇ ಕಾರು ಅದರ ಕೆಳಗೆ ನುಸುಳಿ ಒಳಗೆ ಹೋಗಿತ್ತಂತೆ. ಆ ಭೇಟಿಯಿಂದ ಹುಟ್ಟಿದ ‘ಸ್ಟ್ರಾಟೋಸ್’ ರ‍್ಯಾಲಿ ಕಾರು 1974, 1975, 1976, ಹೀಗೆ ಸತತ ಮೂರು ವರ್ಷ ಲ್ಯಾನ್ಸಿಯಾಗೆ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ತಂದುಕೊಟ್ಟಿತು. ಒಂದು ಹುಚ್ಚು ಕಲ್ಪನೆ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಎಲ್ಲ ಕಾರಿಗೂ ಈ ಭಾಗ್ಯವಿಲ್ಲ. ಪೀನಿನ್‌ಫರೀನಾ ಸಂಸ್ಥೆಯ ಪಾವ್ಲೊ ಮಾರ್ಟಿನ್ ಮಾಡಿದ ‘ಫೆರಾರಿ ಮೊಡ್ಯುಲೊ’ 1970ರಲ್ಲಿ ಜಿನೀವಾದಲ್ಲಿ ಹಾರುವ ತಟ್ಟೆಯಂತೆ ನಿಂತಿತು, ಪ್ರಶಸ್ತಿಗಳನ್ನು ಬಾಚಿಕೊಂಡಿತು, ಆಮೇಲೆ ಸುಮ್ಮನಾಯಿತು. 2014ರಲ್ಲಿ ಅಮೆರಿಕದ ಜೇಮ್ಸ್ ಗ್ಲಿಕೆನ್‌ಹೌಸ್ ಎಂಬವರು ಅದನ್ನು ಕೊಂಡು ಓಡುವಂತೆ ಮಾಡಿಸಿದರು. ‘ಲ್ಯಾಂಬೊರ್ಗಿನಿ ಕೌಂಟಾಚ್’ನ ಮೊದಲ ರೂಪ, 1971ರ ಹಳದಿ ‘ಎಲ್‌ಪಿ 500’, ಕೊನೆಗೆ ಡಿಕ್ಕಿ ಪರೀಕ್ಷೆಯಲ್ಲಿ ನಜ್ಜುಗುಜ್ಜಾಯಿತು.

ಇಂಥ ಕಾರುಗಳು ಜಗತ್ತಿನಲ್ಲಿ ಒಂದೊಂದೇ. ಕೋಟ್ಯಧಿಪತಿಗಳಿಗೂ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ನಮ್ಮಂಥವರಿಗೆ ಮಾಡೆಲ್ಲೇ ಗತಿ, ಮಾಡೆಲ್ಲೇ ಮತಿ!

ಬೆಂಕಿಪೊಟ್ಟಣದಿಂದ ಶುರು

ಇಂಗ್ಲೆಂಡಿನ ಲೆಸ್ನಿ ಕಂಪನಿಯ ಜಾಕ್ ಒಡೆಲ್ ಅವರ ಮಗಳ ಶಾಲೆಯಲ್ಲಿ ಒಂದು ನಿಯಮವಿತ್ತಂತೆ: ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನಷ್ಟೇ ತರಬಹುದು. ಅಪ್ಪ ಅಷ್ಟೇ ಚಿಕ್ಕದೊಂದು ರೋಡ್ ರೋಲರ್ ಮಾಡಿಕೊಟ್ಟರು. 1953ರಲ್ಲಿ ಶುರುವಾದ ‘ಮ್ಯಾಚ್‌ಬಾಕ್ಸ್’ ಕಾರುಗಳ ಹೆಸರಿನ ಹಿಂದಿರುವುದು ಈ ಕತೆ. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ 16 ಕಾರುಗಳೊಂದಿಗೆ ‘ಹಾಟ್ ವೀಲ್ಸ್’ ತಂದಿತು. ಅದರ ಮೊದಲ ವಿನ್ಯಾಸಕಾರ ಹ್ಯಾರಿ ಬ್ರಾಡ್ಲಿ ಅದಕ್ಕೂ ಮೊದಲು ನಿಜವಾದ ಕಾರುಗಳನ್ನೇ ವಿನ್ಯಾಸ ಮಾಡುತ್ತಿದ್ದವರು. ತಾವೇ ಗೆರೆ ಎಳೆದಿದ್ದ ‘ಡಿಯೋರಾ’ ಎಂಬ ಪ್ರದರ್ಶನದ ಪಿಕಪ್ ಅನ್ನು ಆ ಹದಿನಾರರಲ್ಲಿ ಸೇರಿಸಿದರು. ಮ್ಯಾಚ್‌ಬಾಕ್ಸ್ ಕೂಡ ಮಾರ್ಝಾಲ್ ಮತ್ತು ಕರಾಬೊಗಳನ್ನು ಮಾಡಿತು. ಅಂದರೆ ಜಿನೀವಾದ ಶೋಗೆ ಟಿಕೆಟ್ ಕೊಳ್ಳಲಾಗದ ಹುಡುಗರ ಜೇಬಿಗೆ ಆ ಕಾರುಗಳು ತಾವೇ ಬಂದು ಕೂತವು.

ನಮ್ಮ ದೇಶಕ್ಕೂ ಈ ಕತೆಯಲ್ಲಿ ಪಾಲಿದೆ. ಇಂಗ್ಲೆಂಡಿನ ಡಿಂಕಿ ಕಾರುಗಳ ಹಳೆಯ ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತಕ್ಕೆ ಬಂದು, ಅವುಗಳಿಂದ ‘ನಿಕ್ಕಿ ಟಾಯ್ಸ್’ ತಯಾರಾದವು. ಈಗ ಸಂಗ್ರಹಕಾರರು ಅವಕ್ಕೆ ಮುಗಿಬೀಳುತ್ತಾರೆ.

ಅಳತೆಯ ಲೆಕ್ಕ ಹೊಸಬರಿಗೆ ಗೊಂದಲ. ನಾಲ್ಕೂವರೆ ಮೀಟರ್ ಉದ್ದದ ಕಾರು 1:18 ಅಳತೆಯಲ್ಲಿ 25 ಸೆಂಟಿಮೀಟರ್, 1:43ರಲ್ಲಿ ಹತ್ತೂವರೆ, 1:64ರಲ್ಲಿ ಏಳು. ಅಂಗಡಿಯಲ್ಲಿ ಕಾರ್ಡಿಗೆ ಅಂಟಿಸಿ ನೇತುಹಾಕಿರುವ ಕಾರುಗಳು 1:64ರ ಆಸುಪಾಸಿನವು. 1:43 ಎಂಬ ವಿಚಿತ್ರ ಸಂಖ್ಯೆ ಬಂದಿದ್ದು ಆಟದ ರೈಲಿನಿಂದ. ಬ್ರಿಟನ್ನಿನ ‘ಓ ಗೇಜ್’ ರೈಲಿಗೆ ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕ. ಆ ರೈಲಿನ ಸ್ಟೇಷನ್ ಪಕ್ಕ ನಿಲ್ಲಿಸಲು ಅದೇ ಅಳತೆಯ ಕಾರು ಬೇಕಾಯಿತು.

ಕಾರು ಬಿಚ್ಚಿದಾಗ ಕಂಡ ಪಾಠ

ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೆ. ಸಂಜೆ ಅಕ್ಕಪಕ್ಕದ ಮಕ್ಕಳಿಗೆ ಗಣಿತದ ಟ್ಯೂಷನ್. ಆ ದುಡ್ಡಿನಲ್ಲಿ ತಿಂಗಳಿಗೊಂದು ಚಿಕ್ಕ ಕಾರು. ಮೈಸೂರಿನ ಅಂಗಡಿಗಳಲ್ಲಿ ಹುಡುಕಾಟ, ಅಪರೂಪಕ್ಕೆ ಬೆಂಗಳೂರಿನ ಸಂಡೆ ಬಜಾರ್. ಸ್ಟ್ರಾಟೋಸ್ ಝೀರೊ ಸಿಕ್ಕಿದ್ದು ಮೈಸೂರಿನ ಹಿರಿಯ ಸಂಗ್ರಹಕಾರರೊಬ್ಬರಿಂದ, 3,800 ರೂಪಾಯಿಗೆ, ನಾಲ್ಕು ಕಂತಿನಲ್ಲಿ. ಅವರು ಕೊನೆಯ ಕಂತು ಕೊಟ್ಟ ಮೇಲಲ್ಲ, ಮೊದಲ ಕಂತು ಕೊಟ್ಟ ದಿನವೇ ಕಾರನ್ನು ಕೈಗಿತ್ತರು.

ಎರಡನೇ ವರ್ಷದಲ್ಲಿ ಕ್ಯಾಸ್ಟಿಂಗ್ ಪಾಠ ಬಂತು. ಪುಸ್ತಕದಲ್ಲಿ ‘ಪಾರ್ಟಿಂಗ್ ಲೈನ್’, ‘ಡ್ರಾಫ್ಟ್ ಆ್ಯಂಗಲ್’, ‘ಇಜೆಕ್ಟರ್ ಪಿನ್’ ಎಂಬ ಪದಗಳು. ಪರೀಕ್ಷೆಗೆ ಉರು ಹೊಡೆದರೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಿದ್ದೆವು. ಒಂದು ಭಾನುವಾರ ಬಣ್ಣ ಹೋದ ಒಂದು ಚಿಕ್ಕ ಕಾರಿನ ತಳದ ರಿವೆಟ್‌ಗಳನ್ನು ಡ್ರಿಲ್ ಮಾಡಿ ಬಿಚ್ಚಿದೆ. ಒಳಗೆ ನೋಡಿದರೆ ಪಾಠದ ಪುಟವೇ ಇತ್ತು!

ಈ ಕಾರುಗಳ ಮೈ ‘ಝಮಾಕ್’ ಎಂಬ ಮಿಶ್ರಲೋಹದ್ದು. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ, ಈ ನಾಲ್ಕರ ಜರ್ಮನ್ ಹೆಸರುಗಳ ಮೊದಲಕ್ಷರ ಸೇರಿಸಿ ಇಟ್ಟ ಹೆಸರು. ಹೆಚ್ಚಿನ ಪಾಲು ಸತು, ಅಲ್ಯೂಮಿನಿಯಂ ಸುಮಾರು ಶೇ 4. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಬೇಕು, ಝಮಾಕ್‌ಗೆ 385ರ ಸುತ್ತಮುತ್ತ ಸಾಕು. ಅದಕ್ಕೇ ಉಕ್ಕಿನ ಅಚ್ಚು ಬೇಗ ಸವೆಯುವುದಿಲ್ಲ. ಕರಗಿದ ಲೋಹವನ್ನು ಒತ್ತಡದಲ್ಲಿ ಅಚ್ಚಿನೊಳಗೆ ನುಗ್ಗಿಸುತ್ತಾರೆ, ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಅಚ್ಚು ಎರಡು ಹೋಳಾಗಿ ತೆರೆದುಕೊಳ್ಳುತ್ತದೆ, ಪಿನ್ನುಗಳು ಕಾರನ್ನು ಹೊರಗೆ ತಳ್ಳುತ್ತವೆ. ಅಚ್ಚಿನ ಹೋಳುಗಳು ಕೂಡಿದ್ದ ಕಡೆ ಕಾರಿನ ಮೈಮೇಲೆ ಕೂದಲೆಳೆಯಂಥ ಗೆರೆ. ಅದೇ ಪಾರ್ಟಿಂಗ್ ಲೈನ್. ಒಳಗಡೆ ಕಾಣುವ ಪುಟ್ಟ ದುಂಡು ಗುರುತುಗಳು ಪಿನ್ನು ತಳ್ಳಿದ ಜಾಗ. ಗೋಡೆಗಳು ನೇರ ನಿಂತಂತೆ ಕಂಡರೂ ಒಂಚೂರು ಓರೆ. ಅಷ್ಟು ಓರೆಯಿಲ್ಲದಿದ್ದರೆ ಕಾರು ಅಚ್ಚಿನಿಂದ ಬಿಡುವುದೇ ಇಲ್ಲ. ಇಡ್ಲಿ ತಟ್ಟೆಯ ಗುಳಿಗೆ ಅಂಚು ಓರೆಯಾಗಿರುವುದೂ ಇದಕ್ಕೇ ಅಂತ ಅವ್ವನಿಗೆ ತೋರಿಸಿದಾಗ, ‘ಎಣ್ಣೆ ಸವರದಿದ್ರೆ ಅದೂ ಬಿಡಾಕಿಲ್ಲ’ ಅಂದರು. ಕಾರ್ಖಾನೆಯಲ್ಲೂ ಅಷ್ಟೇ. ಪ್ರತಿ ಸಲವೂ ಅಚ್ಚಿಗೆ ಜಾರಿಕೆಯ ದ್ರವ ಸಿಂಪಡಿಸುತ್ತಾರೆ.

ಲೋಹ ಶುದ್ಧವಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದೂ ಸಂಗ್ರಹಕಾರರಿಗೆ ಗೊತ್ತು. ಸತುವಿನಲ್ಲಿ ಸೀಸದ ಕಲ್ಮಶ ಸೇರಿದರೆ ವರ್ಷಗಳು ಕಳೆದಂತೆ ಕಾರು ತಾನೇ ಬಿರುಕುಬಿಟ್ಟು ಪುಡಿಯಾಗುತ್ತದೆ. ಇದಕ್ಕೆ ‘ಝಿಂಕ್ ಪೆಸ್ಟ್’ ಎನ್ನುತ್ತಾರೆ, ಮದ್ದಿಲ್ಲ. ಎರಡನೇ ಮಹಾಯುದ್ಧಕ್ಕೂ ಮೊದಲಿನ ಎಷ್ಟೋ ಮಾಡೆಲ್‌ಗಳು ಹೀಗೇ ಮಣ್ಣಾದವು.

ಇನ್ನೊಂದು ಗುಟ್ಟು: ಅಪರೂಪದ ಕಾನ್ಸೆಪ್ಟ್ ಕಾರುಗಳ ಮಾಡೆಲ್‌ಗಳು ಈಗ ಬಹುಪಾಲು ಲೋಹದವಲ್ಲ, ರೆಸಿನ್‌ನವು. ಉಕ್ಕಿನ ಅಚ್ಚು ಮಾಡಿಸಲು ಲಕ್ಷಗಟ್ಟಲೆ ಖರ್ಚು, ಸಾವಿರಾರು ಕಾರು ಮಾರಿದರಷ್ಟೇ ಗಿಟ್ಟುತ್ತದೆ. ಕೆಲವು ನೂರು ಜನರಷ್ಟೇ ಕೊಳ್ಳುವ ಕಾರಿಗೆ ಅಗ್ಗದ ಸಿಲಿಕಾನ್ ಅಚ್ಚು ಸಾಕು. ಕೈಗೆತ್ತಿಕೊಂಡಾಗ ತಣ್ಣಗೆ, ಭಾರವಾಗಿದ್ದರೆ ಲೋಹ. ಬಾಗಿಲು, ಬಾನೆಟ್ ಏನೂ ತೆರೆಯದೆ ಹಗುರಾಗಿದ್ದರೆ ರೆಸಿನ್.

ಮಾರಬೇಕಾಗಿ ಬಂದಾಗ

ಡಿಪ್ಲೊಮಾ ಮುಗಿಯಿತು. ಕೆಲಸಕ್ಕೆ ಅಲೆದೆ. ‘ಡೈ ಡಿಸೈನ್ ಸಾಫ್ಟ್‌ವೇರ್ ಬರುತ್ತಾ?’ ಎಂದು ಎಲ್ಲ ಕಡೆ ಕೇಳುತ್ತಿದ್ದರು. ಬೆಂಗಳೂರಿನಲ್ಲಿ ಅದರ ಅಲ್ಪಾವಧಿ ಕೋರ್ಸ್‌ಗೆ 18,000 ರೂಪಾಯಿ. ಕಬ್ಬಿನ ದುಡ್ಡು ಕೈಗೆ ಬರುವುದು ತಡವಾದ ವರ್ಷವದು. ಅಪ್ಪ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೂಡಿನಲ್ಲಿ 46 ಕಾರುಗಳಿದ್ದವು.

‘ಸಂಗ್ರಹ ಅಂದರೆ ಹೂಡಿಕೆ, ಮುಂದೆ ಚಿನ್ನದ ಬೆಲೆ ಬರುತ್ತೆ’ ಎಂದು ವಿಡಿಯೊಗಳಲ್ಲಿ ಹೇಳುವುದನ್ನು ನೀವೂ ಕೇಳಿರಬಹುದು. ನನ್ನ ನೋಟ್‌ಬುಕ್ಕಿನ ಲೆಕ್ಕವನ್ನೇ ಕೊಡುತ್ತೇನೆ. ಒಂಬತ್ತು ಕಾರು ಮಾರಿದೆ. ಪ್ಯಾಕಿಂಗ್ ಬಿಚ್ಚಿದ್ದ ಆರು ಚಿಕ್ಕ ಕಾರುಗಳಿಗೆ ತಲಾ 100 ರೂಪಾಯಿ, ಅಂದರೆ ಕೊಂಡ ಬೆಲೆಗಿಂತ ಕಡಿಮೆ. 1:18ರ ‘ಫೋರ್ಡ್ ಜಿಟಿ90’ಗೆ 1,500. ಬಣ್ಣ ಉಳಿದಿದ್ದ ಹಳೆಯ ಮ್ಯಾಚ್‌ಬಾಕ್ಸ್ ಮಾರ್ಝಾಲ್‌ಗೆ 2,200. ಸ್ಟ್ರಾಟೋಸ್ ಝೀರೊಗೆ 5,000. ಒಟ್ಟು 9,300 ರೂಪಾಯಿ. ಉಳಿದಿದ್ದಕ್ಕೆ ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದರು.

ಲಾಭ ಬಂದಿದ್ದು ಅಪರೂಪದ್ದಕ್ಕೆ ಮಾತ್ರ. ಅದೂ ಮೂರು ವರ್ಷ ಕಾಯ್ದ ಮೇಲೆ. ಬ್ಯಾಂಕಿನ ಆರ್‌ಡಿಗೆ ಇದನ್ನು ಹೋಲಿಸಲೇಬೇಡಿ. ಝೀರೊವನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕುವಾಗ ಅಜ್ಜಿ ಪಕ್ಕದಲ್ಲೇ ಕೂತಿದ್ದರು. ‘ಆ ಚಪ್ಪಟೆ ಕಾರು ಯಾಕಮ್ಮಿ ಕೊಡ್ತೀಯ? ಬೇರೇದು ಕೊಡು’ ಅಂದರು. ಅಜ್ಜಿಗೂ ಅದೊಂದು ಇಷ್ಟವಾಗಿತ್ತು ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಮೇಜಿನ ಮೇಲೆ ಬಿಚ್ಚಿದ ಕಾರು

ಕೋರ್ಸ್ ಮುಗಿಸಿ ಪೀಣ್ಯದ ಒಂದು ಡೈಕಾಸ್ಟಿಂಗ್ ಘಟಕಕ್ಕೆ ಸಂದರ್ಶನಕ್ಕೆ ಹೋದೆ. ಅದಕ್ಕೂ ಮೊದಲು ಹೋಗಿದ್ದ ಒಂದು ಕಡೆ, ‘ಟೂಲ್ ರೂಮ್‌ನಲ್ಲಿ ಹೆಣ್ಣುಮಕ್ಕಳು ನಿಲ್ಲೋದು ಕಷ್ಟ, ಆಫೀಸ್ ಕೆಲಸ ನೋಡಿ’ ಎಂದು ಐದೇ ನಿಮಿಷಕ್ಕೆ ಕಳಿಸಿದ್ದರು. ಇಲ್ಲಿದ್ದ ಹಿರಿಯ ಎಂಜಿನಿಯರ್ ಬೇರೆ ಥರ. ‘ಪಾರ್ಟಿಂಗ್ ಲೈನ್ ಎಲ್ಲಿ ಇಡಬೇಕು ಅಂತ ಹೇಗೆ ತೀರ್ಮಾನ ಮಾಡ್ತೀಯಮ್ಮ?’ ಎಂದರು. ಬ್ಯಾಗಿನಲ್ಲಿದ್ದ ಬಿಚ್ಚಿದ ಕಾರನ್ನು ತೆಗೆದು ಮೇಜಿನ ಮೇಲಿಟ್ಟೆ.

‘ಇಲ್ಲಿ ನೋಡಿ ಸಾರ್, ಗೆರೆ ಬಾಗಿಲ ಮಧ್ಯೆ ಬರದ ಹಾಗೆ ಚಕ್ರದ ಕಮಾನಿನ ಅಂಚಲ್ಲಿ ಇಟ್ಟಿದ್ದಾರೆ. ಬಣ್ಣ ಬಳಿದ ಮೇಲೆ ಕಣ್ಣಿಗೆ ಬೀಳಲ್ಲ’ ಎಂದೆ. ಡ್ರಾಫ್ಟ್ ಎಲ್ಲಿದೆ, ಪಿನ್ ಗುರುತು ಯಾಕೆ ಒಳಗಡೆಯೇ ಇದೆ, ಬಂಪರ್ ಹತ್ತಿರ ಲೋಹ ಯಾಕೆ ದಪ್ಪ, ಹೀಗೆ ಮಾತು ಮುಕ್ಕಾಲು ಗಂಟೆ ನಡೆಯಿತು. ಅವರ ಪ್ರಶ್ನೆಗಳಲ್ಲಿ ಎರಡಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವನ್ನು ಅವರೇ ಅದೇ ಕಾರಿನ ಮೇಲೆ ಪೆನ್ನಿಟ್ಟು ವಿವರಿಸಿದರು. ಈಗ ಅಲ್ಲೇ ಟ್ರೈನಿ. ನಾವು ಅಲ್ಲಿ ಮಾಡುವುದು ಕಾರಲ್ಲ, ಪಂಪ್‌ಗಳ ಬಿಡಿಭಾಗ. ಆದರೆ ಗೆರೆ, ಓರೆ, ಪಿನ್ನು ಎಲ್ಲ ಅವೇ.

ಡೈ ಕೆಲಸ ಕಲಿಯಬೇಕೆನ್ನುವವರಿಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ದಾರಿಗಳಿವೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ನಮಗೆ ಹತ್ತಿರದ ಮೈಸೂರಿನಲ್ಲೂ ಅದರ ಕೇಂದ್ರವಿದೆ. ಕಾರಿನ ಗೆರೆ ಎಳೆಯುವ ಆಸೆಯಿದ್ದರೆ ಅಹಮದಾಬಾದ್ ಮೂಲದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಾಹನ ವಿನ್ಯಾಸದ ಸ್ನಾತಕೋತ್ತರ ಕೋರ್ಸ್ ಇದೆ.

ಹೊಸದಾಗಿ ಶುರುಮಾಡುವವರಿಗೆ

ಕೊಳ್ಳುವ ಮೊದಲು ನೋಡುವ ಅಭ್ಯಾಸ ಮಾಡಿ. ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಪಕ್ಕದಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾರು ಮ್ಯೂಸಿಯಂ ಇದೆ. ಕಟ್ಟಡವೇ ಚಕ್ರದ ಆಕಾರದಲ್ಲಿದೆ. ಮಡ್‌ಗಾರ್ಡಿನ ಒಂದು ಬಾಗು ಬೆಳಕಿಗೆ ಹೇಗೆ ತಿರುಗುತ್ತದೆ ಎಂಬುದನ್ನು ನಿಜವಾದ ಹಳೆಯ ಕಾರುಗಳ ಮುಂದೆ ನಿಂತೇ ಕಲಿಯಬೇಕು.

ಒಂದೇ ವಿಷಯ ಆರಿಸಿಕೊಳ್ಳಿ. ಸಿಕ್ಕಿದ್ದೆಲ್ಲ ಕೊಂಡರೆ ಗೂಡೂ ತುಂಬುತ್ತದೆ, ಜೇಬೂ ಖಾಲಿಯಾಗುತ್ತದೆ. ಪ್ರತಿ ಕಾರಿನ ಬೆಲೆ, ತಾರೀಕು ಬರೆದಿಡಿ. ಬಿಸಿಲು ಬೀಳದ, ತೇವವಿಲ್ಲದ ಜಾಗದಲ್ಲಿಡಿ. ಬೆಲೆ ಏಕೆ ಏರಿತೆಂದು ಗೊಣಗುವ ಮೊದಲು ಸುದ್ದಿ ಓದಿ: ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಬಿಐಎಸ್ ಗುರುತು ಕಡ್ಡಾಯವಾಯಿತು. ಕೊಳ್ಳುವವರಿಗೆ ಇದರಿಂದ ಕಷ್ಟ. ಆದರೆ ಇಲ್ಲೇ ಅಚ್ಚು ಮಾಡುವವರಿಗೆ ಇದೇ ಅವಕಾಶ ಎಂಬುದನ್ನು ನಾನೀಗ ಅಚ್ಚಿನ ಕಡೆ ನಿಂತು ನೋಡುತ್ತಿದ್ದೇನೆ.

ಆಟಿಕೆ ಮಾಡುವ ಕೈ ನಮಗೆ ಹೊಸದಲ್ಲ. ಕೈಹಿಡಿ ತಿರುಗಿಸಿದರೆ ಗುರುಗುಟ್ಟುವ ಟಿಪ್ಪುವಿನ ಮರದ ಹುಲಿ ನಮ್ಮ ಪಕ್ಕದ ಶ್ರೀರಂಗಪಟ್ಟಣದಿಂದಲೇ ಲಂಡನ್ನಿಗೆ ಹೋಗಿದ್ದು. ಇವತ್ತಿಗೂ ಅದನ್ನು ನೋಡಲು ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಜನ ಹೋಗುತ್ತಾರೆ. ಚನ್ನಪಟ್ಟಣದ ಬೊಂಬೆಯಂತೂ ಲೋಕಕ್ಕೇ ಗೊತ್ತು.

ಕಾನ್ಸೆಪ್ಟ್ ಕಾರೂ ನಮ್ಮಲ್ಲಿ ಹುಟ್ಟಿದೆ. ಬೆಂಗಳೂರಿನ ರೇವಾ ಕಂಪನಿ 2009ರ ಫ್ರಾಂಕ್‌ಫರ್ಟ್ ಶೋನಲ್ಲಿ ದಿಲೀಪ್ ಛಾಬ್ರಿಯಾ ವಿನ್ಯಾಸದ ‘ಎನ್‌ಎಕ್ಸ್‌ಜಿ’ ಎಂಬ ಎರಡು ಸೀಟಿನ ವಿದ್ಯುತ್ ಸ್ಪೋರ್ಟ್ಸ್ ಕಾರನ್ನು ತೋರಿಸಿತ್ತು. ಅದು ರಸ್ತೆಗೆ ಇಳಿಯಲಿಲ್ಲ. ಮರುವರ್ಷ ಕಂಪನಿ ಮಹೀಂದ್ರಾ ಪಾಲಾಯಿತು. ನನ್ನ ಸಂಗ್ರಹದಲ್ಲಿ ಇಟಲಿ, ಜರ್ಮನಿ, ಅಮೆರಿಕ ಎಲ್ಲ ಇವೆ, ನಮ್ಮ ಬೆಂಗಳೂರಿನ ಈ ಕಾರಿಲ್ಲ.

ಹಾಗಾಗಿ ನಾನೇ ಕೆತ್ತುತ್ತಿದ್ದೇನೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರದ ತುಂಡು, ಅಳತೆ 1:43. ಫೋಟೊಗಳನ್ನು ನೋಡಿ ನಕ್ಷೆ ಬರೆದುಕೊಂಡು, ವಾರದ ರಜೆಗೆ ಊರಿಗೆ ಬಂದಾಗಲೆಲ್ಲ ಒಂದೆರಡು ಗಂಟೆ ಉಜ್ಜುತ್ತೇನೆ. ಮೂತಿ ಸರಿಬಂದಿದೆ, ಚಾವಣಿಯ ಬಾಗು ಇನ್ನೂ ಕೈಗೆ ಸಿಕ್ಕಿಲ್ಲ. ಮರದ್ದು ಸರಿಯಾದರೆ ಸಿಲಿಕಾನ್ ಅಚ್ಚು ತೆಗೆದು ರೆಸಿನ್‌ನಲ್ಲಿ ಹತ್ತು ಕಾರು ಎರಕ ಹೊಯ್ಯುವ ಯೋಚನೆಯಿದೆ. ಮೊದಲನೆಯದು ಮೈಸೂರಿನ ಆ ಹಿರಿಯರಿಗೆ. ಎರಡನೆಯದಕ್ಕೆ ಅಜ್ಜಿ ಈಗಲೇ ಬಣ್ಣ ಹೇಳಿದ್ದಾರೆ: ಕೆಂಪು.